ಸ್ಕಾಟ್ಲೆಂಡಿನ ಹೊಲದಲ್ಲಿ ನಾನೂರು ಮೀಟರ್ ತಂತಿ

ಮೀಡಿಯಂ ವೇವ್ ರೇಡಿಯೋ ಕೇಳಿ ಬೆಳೆದ ಹಿರಿಯರು ಮನೆಯಲ್ಲಿದ್ದರೆ ಒಮ್ಮೆ ವಿಚಾರಿಸಿ ನೋಡಿ. ಹಗಲೆಲ್ಲ ಧಾರವಾಡವೋ ಬೆಂಗಳೂರೋ ಮಾತ್ರ ಸಿಗುತ್ತಿದ್ದ ಪೆಟ್ಟಿಗೆಯಲ್ಲಿ ಕತ್ತಲಾದ ಮೇಲೆ ಎಲ್ಲೆಲ್ಲಿಯದೋ ಭಾಷೆ ಕೇಳಿಸುತ್ತಿತ್ತು. ದೂರದಲ್ಲೆಲ್ಲೋ ಗುಡುಗಿದರೂ ಸಾಕು, ಕರಕರ ಸದ್ದು ಶುರು.

ಇದಕ್ಕೆ ಕಾರಣ ಆಕಾಶದಲ್ಲಿದೆ. ಬಿಸಿಲಿನ ಹೊತ್ತು ಸುಮಾರು 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ ಒಂದು ಪದರ ಹುಟ್ಟಿಕೊಂಡು ಉದ್ದದ ರೇಡಿಯೋ ಅಲೆಗಳನ್ನು ನುಂಗುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಆಗ ಅದರ ಮೇಲಿರುವ ಇನ್ನೊಂದು ಪದರ ಅಲೆಗಳನ್ನು ಬಗ್ಗಿಸಿ ದೂರದ ನೆಲಕ್ಕೆ ಇಳಿಸುತ್ತದೆ.

ಹ್ಯಾಮ್ ರೇಡಿಯೋದವರು, ಅಂದರೆ ಸರ್ಕಾರದ ಲೈಸೆನ್ಸ್ ಪಡೆದು ಸ್ವಂತ ಯಂತ್ರದಿಂದ ದೇಶವಿದೇಶದವರ ಜೊತೆ ಮಾತಾಡುವ ಹವ್ಯಾಸಿಗಳು, ಮೀಡಿಯಂ ವೇವ್ ಪಕ್ಕದಲ್ಲೇ ಇರುವ 160 ಮೀಟರ್ ಅಲೆಯನ್ನೂ ಬಳಸುತ್ತಾರೆ. ಅವರ ಪಾಲಿಗೆ ಬಲು ಹಟಮಾರಿ ಅಲೆ ಇದು. ಕಾಲುಭಾಗದ ಲೆಕ್ಕ ಹಿಡಿದರೂ ಕಂಬ 40 ಮೀಟರ್ ಎತ್ತರ ಬೇಕು. ಎತ್ತರದ ತೆಂಗಿನ ಮರಕ್ಕೂ ಮೀರಿದ್ದು. ಇಂಥ ಸಾಮಾನು ಹೊತ್ತು ಜನವಿಲ್ಲದ ದ್ವೀಪಗಳಿಗೆ ಹೋಗಿ ರೇಡಿಯೋ ಹೂಡುವವರು ಇಂದಿಗೂ ಇದ್ದಾರೆ. ಇಂಥ ಸಾಹಸದ ಮೊದಲಿಗರಲ್ಲಿ ಒಬ್ಬ 1921ರ ಚಳಿಗಾಲದಲ್ಲಿ ಸ್ಕಾಟ್ಲೆಂಡಿಗೆ ಹೋದ ಅಮೆರಿಕದ ಪಾಲ್ ಗಾಡ್ಲಿ. ಅವನು ಹೋದದ್ದು ಮಾತಾಡಲಿಕ್ಕಲ್ಲ, ಕೇಳಲಿಕ್ಕೆ.

ಅಮೆರಿಕದಲ್ಲಿ 1912ರಲ್ಲಿ ಬಂದ ಕಾನೂನು ಹವ್ಯಾಸಿಗಳನ್ನು 200 ಮೀಟರ್ ಮತ್ತು ಅದಕ್ಕಿಂತ ಕಿರಿದಾದ ಅಲೆಗಳಿಗೆ ತಳ್ಳಿತ್ತು. ಉದ್ದದ ಅಲೆ ದೂರ ಹೋಗುತ್ತದೆ, ಗಿಡ್ಡದ್ದು ಹೋಗುವುದಿಲ್ಲ ಎಂದು ಆಗ ತಿಳಿದವರ ನಂಬಿಕೆ. ಒಳ್ಳೆಯ ನೀರಾವರಿ ಜಮೀನು ತಾವಿಟ್ಟುಕೊಂಡು ಕಲ್ಲುಬರಡನ್ನು ಕಿರಿಯವನಿಗೆ ಹಂಚಿದ ಹಾಗೆ.

ಆ ಬರಡಿನಲ್ಲೂ ಬೆಳೆ ತೆಗೆಯಬಹುದು ಎಂದು ತೋರಿಸಲು 1921ರ ಫೆಬ್ರವರಿಯಲ್ಲಿ ಅಟ್ಲಾಂಟಿಕ್ ಸಾಗರ ದಾಟಿಸುವ ಪರೀಕ್ಷೆ ನಡೆಯಿತು. ಅಮೆರಿಕದವರು ಕಳಿಸಿದರು, ಬ್ರಿಟನ್ನಿನ ಹವ್ಯಾಸಿಗಳು ಕಿವಿಗೊಟ್ಟು ಕೂತರು. ಏನೂ ಸಿಗಲಿಲ್ಲ. ತಪ್ಪು ಕಳಿಸಿದವರದೋ, ಕೇಳಿದವರದೋ? ಈ ಜಗಳ ಬಗೆಹರಿಸಲು ಅಮೆರಿಕದ ಹವ್ಯಾಸಿಗಳ ಸಂಘ ತನ್ನ ಕಡೆಯ ನುರಿತ ಕಿವಿಯನ್ನೇ ಹಡಗು ಹತ್ತಿಸಿತು. ಗಾಡ್ಲಿ ರೇಡಿಯೋ ಪೆಟ್ಟಿಗೆ ಕಟ್ಟುವುದರಲ್ಲಿ ಹೆಸರಾದವನು. ಬರಿಗೈಲಿ ಹಿಂದಿರುಗಿದ್ದರೆ 200 ಮೀಟರ್ ನಿಷ್ಪ್ರಯೋಜಕ ಎಂಬ ಮಾತಿಗೆ ಹವ್ಯಾಸಿಗಳೇ ಮುದ್ರೆ ಒತ್ತಿದಂತಾಗುತ್ತಿತ್ತು.

ಅದೃಷ್ಟ ನೋಡಿ, ಅದೇ ಅಕ್ವಿಟಾನಿಯಾ ಹಡಗಿನಲ್ಲಿ ಹೆರಾಲ್ಡ್ ಬೆವರೇಜ್ ಎಂಬ ಎಂಜಿನಿಯರ್ ಕೂಡ ಇದ್ದ. ನೆಲದಿಂದ ಸ್ವಲ್ಪವೇ ಮೇಲೆ ಬಹು ಉದ್ದಕ್ಕೆ ತಂತಿ ಎಳೆದು ಮಾಡುವ ಆಂಟೆನಾ ಅವನ ಕಲ್ಪನೆ. ಅದರ ಗುಣ ವಿಚಿತ್ರ: ಸದ್ದನ್ನು ಹೆಚ್ಚು ಹಿಡಿಯುವುದಿಲ್ಲ, ಗದ್ದಲವನ್ನು ಕಡಿಮೆ ಹಿಡಿಯುತ್ತದೆ. ಜಾತ್ರೆಯ ನಡುವೆ ಕಿವಿಗೆ ಕೈ ಮರೆಮಾಡಿ ಒಂದೇ ಕಡೆಯ ಮಾತಿಗೆ ಗಮನ ಕೊಟ್ಟ ಹಾಗೆ. ಉದ್ದದ ಅಲೆಗಳಲ್ಲಿ ಇದೇ ಮುಖ್ಯ ಎಂದು ನಮಗೆ ಅನಿಸುತ್ತದೆ. ಎಷ್ಟು ಶಕ್ತಿಯಿಂದ ಕೂಗಿದರೂ ಕೇಳುವ ಜಾಗದಲ್ಲಿ ಕರಕರ ತುಂಬಿದ್ದರೆ ಕೂಗು ಮುಳುಗಿಹೋಗುತ್ತದೆ.

ಗಾಡ್ಲಿ ಊರಿನ ಗದ್ದಲ ಬಿಟ್ಟು ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಆರ್ಡ್ರೋಸನ್ ಹತ್ತಿರ ಕಡಲಂಚಿನ ಹೊಲವೊಂದನ್ನು ಹಿಡಿದ. ಡಿಸೆಂಬರಿನಲ್ಲಿ ಅಲ್ಲಿ ಹಗಲು ಏಳೇ ಗಂಟೆ. ದೀರ್ಘ ರಾತ್ರಿ ಅಲೆಗಳಿಗೆ ಒಳ್ಳೆಯದು, ಮನುಷ್ಯನಿಗಲ್ಲ. ಮಳೆ, ಗಾಳಿ, ಒದ್ದೆ ನೆಲ. ಕೆಲಸಕ್ಕೆ ಒಂದು ಡೇರೆ, ಬೆಚ್ಚಗಾಗಲು ಎಣ್ಣೆ ಸ್ಟೋವ್. ಸುಮಾರು 12 ಅಡಿ ಎತ್ತರದ ಕಂಬಗಳ ಮೇಲೆ ತಂತಿ ಎಳೆಯಬೇಕು. ಮೊದಲು 850 ಅಡಿ ಎಳೆದರು, ಸಾಲದೆ 1,300 ಅಡಿಗೆ, ಅಂದರೆ ಹತ್ತಿರ ಹತ್ತಿರ 400 ಮೀಟರಿಗೆ ಬೆಳೆಸಿದರು. ಕೊಳವೆಬಾವಿಯಿಂದ ದೂರದ ತೋಟಕ್ಕೆ ಮಳೆಯಲ್ಲಿ ಕೇಬಲ್ ಎಳೆದವರಿಗೆ ಇದರ ಪಾಡು ಬಿಡಿಸಿ ಹೇಳಬೇಕಿಲ್ಲ.

ಮಧ್ಯರಾತ್ರಿಯಿಂದ ಬೆಳಗಿನ ಆರರವರೆಗೆ ಪರೀಕ್ಷೆಯ ಹೊತ್ತು. ಗಾಡ್ಲಿಯ ಜೊತೆ ಸಾಕ್ಷಿಯಾಗಿ ಮಾರ್ಕೋನಿ ಕಂಪನಿಯ ಪಿಯರ್ಸನ್ ಎಂಬ ಇನ್‌ಸ್ಪೆಕ್ಟರ್ ಕೂತ. ಇಬ್ಬರ ಕಿವಿಗೂ ಹೆಡ್‌ಫೋನ್. ಮೊದಲು ಸಿಕ್ಕಿದ ಅಮೆರಿಕದ ಸಂಕೇತದ ಕಥೆ ತಮಾಷೆಯದು: ಆ ಕರೆಚಿಹ್ನೆಯನ್ನು ಯಾರೋ ಕಳ್ಳತನದಿಂದ ಬಳಸಿದ್ದರು ಎಂದು ಆಮೇಲೆ ತಿಳಿಯಿತು!

ಗಟ್ಟಿಯಾಗಿ ಸಿಕ್ಕಿದ್ದು ಕನೆಕ್ಟಿಕಟ್ ರಾಜ್ಯದ ಗ್ರೀನಿಚ್‌ನ 1ಬಿಸಿಜಿ ಎಂಬ ಕೇಂದ್ರ. ಐದು ಸಾವಿರ ಕಿಲೋಮೀಟರ್ ಆಚೆ, ಒಂದು ಕಿಲೋವ್ಯಾಟಿನ ಒಳಗಿನ ಶಕ್ತಿ. ಲೆಕ್ಕಕ್ಕೆ ಇಟ್ಟುಕೊಳ್ಳಿ, ಧಾರವಾಡ ಆಕಾಶವಾಣಿಯ ಮೀಡಿಯಂ ವೇವ್ ಪ್ರಸಾರದ್ದು 200 ಕಿಲೋವ್ಯಾಟ್. ಡಿಸೆಂಬರ್ 11ರ ದಿನಾಂಕ ಹೊತ್ತ ಪೂರ್ತಿ ಸಂದೇಶವೊಂದು ಆ ಕೇಂದ್ರದಿಂದ ಬಂತು: ಗಾಡ್ಲಿಗೆ ಅಭಿನಂದನೆ, ಕೆಳಗೆ ಆರು ಜನರ ಹೆಸರು. ಆ ಆರರಲ್ಲಿ ಒಂದು ಎಡ್ವಿನ್ ಆರ್ಮ್‌ಸ್ಟ್ರಾಂಗ್. ಗಾಡ್ಲಿ ಕೊಂಡೊಯ್ದಿದ್ದ ಸೂಪರ್‌ಹೆಟೆರೊಡೈನ್ ರಿಸೀವರ್ ಇದೇ ಆರ್ಮ್‌ಸ್ಟ್ರಾಂಗ್ ಕಂಡುಹಿಡಿದ ಬಗೆ. ನಮ್ಮ ಅಜ್ಜಂದಿರ ಟ್ರಾನ್ಸಿಸ್ಟರ್ ಸೆಟ್ಟಿನ ಒಳಗಿದ್ದದ್ದೂ ಅದೇ ವಿದ್ಯೆ.

ಪರೀಕ್ಷೆ ಮುಗಿಯುವ ಹೊತ್ತಿಗೆ ಗಾಡ್ಲಿ ಎರಡು ಡಜನ್‌ಗೂ ಹೆಚ್ಚು ಕೇಂದ್ರಗಳನ್ನು ಗುರುತಿಸಿದ್ದ. ಈ ಸಲ ಬ್ರಿಟನ್ನಿನ ಕೆಲವು ಹವ್ಯಾಸಿಗಳಿಗೂ ಮನೆಯಲ್ಲೇ ಅಮೆರಿಕ ಕೇಳಿಸಿತು. ಅಮೆರಿಕದವರು ಕಥೆ ಹೇಳುವಾಗ ಈ ಭಾಗವನ್ನು ಸ್ವಲ್ಪ ಮೆಲ್ಲಗೆ ಹೇಳುವುದುಂಟು.

1923ರ ನವೆಂಬರಿನಲ್ಲಿ ಫ್ರಾನ್ಸಿನ ಲಿಯೋನ್ ಡೆಲೋಯ್ ಮತ್ತು ಅಮೆರಿಕದ ಫ್ರೆಡ್ ಶ್ನೆಲ್ 100 ಮೀಟರ್ ಆಸುಪಾಸಿನಲ್ಲಿ ಎರಡೂ ಕಡೆಯಿಂದ ಮಾತುಕತೆ ನಡೆಸಿದರು. ಗಿಡ್ಡ ಅಲೆ ಇನ್ನೂ ಸುಲಭವಾಗಿ ದೂರ ಹೋಗುತ್ತದೆ ಎಂಬುದು ಬಯಲಾದ ಮೇಲೆ ಎಲ್ಲರೂ ಅತ್ತ ಓಡಿದರು. 160 ಮೀಟರಿನಲ್ಲಿ ಉಳಿದವರು ಕಷ್ಟವೇ ಬೇಕೆಂದು ಉಳಿದವರು.

ಅವರ ತಂತಿ ಇಂದಿಗೂ ಬೆವರೇಜನದೇ. ಆದರೆ ಅದಕ್ಕೆ ಆರ್ಡ್ರೋಸನ್ನಿನಂಥ ಹೊಲ ಬೇಕು. ದಕ್ಷಿಣ ಅಟ್ಲಾಂಟಿಕ್‌ನ ಬೂವೆ ದ್ವೀಪದಲ್ಲಿ ಒಂಬತ್ತು ಪಾಲಿಗೂ ಹೆಚ್ಚು ಹಿಮಗಡ್ಡೆ, ಬಂದರಿಲ್ಲ, ಜನರಿಲ್ಲ. 2018ರಲ್ಲಿ ಒಂದು ತಂಡ ಅಲ್ಲಿಯವರೆಗೆ ಹೋಗಿ, ಹವಾಮಾನ ಕೆಟ್ಟು, ಹಡಗಿನ ಎಂಜಿನ್ನೂ ಕೈಕೊಟ್ಟು, ದಡಕ್ಕೆ ಕಾಲಿಡದೆ ಮರಳಿತು. 2023ರಲ್ಲಿ ಇನ್ನೊಂದು ತಂಡ ರಬ್ಬರ್ ದೋಣಿಯಲ್ಲಿ ಅಲೆಗಳ ನಡುವೆ ಇಳಿದು ಸುಮಾರು 19 ಸಾವಿರ ಸಂಪರ್ಕ ಮಾಡಿತು. ಹೊತ್ತು ತಂದ ಸಾಮಾನಿನಲ್ಲಿ ಬಹಳಷ್ಟು ಹಡಗಿನಲ್ಲೇ ಉಳಿಯಿತು.