ಕನ್ನಡಿ ಉಜ್ಜುವ ಯಂತ್ರ ಮತ್ತು ಒಂದು ಅರ್ಧಸತ್ಯ



1986ರ ಆರಂಭದ ದಿನಗಳು. ಹ್ಯಾಲಿ ಧೂಮಕೇತುವಿನ ಸುದ್ದಿ ನಮ್ಮ ಇಂಡಿ, ಸಿಂದಗಿ ಸೀಮೆಯ ಹಳ್ಳಿಗಳನ್ನೂ ಮುಟ್ಟಿತ್ತು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು, "ಸರ್, ದುರ್ಬೀನಿನ ಕನ್ನಡಿ ನಾವ ಮಾಡಾಕ ಬರತೈತೇನ್ರಿ?" ಎಂದು ಕೇಳಿದ. "ಅದಕ್ಕ ಮಶೀನ ಬೇಕೋ ತಮ್ಮಾ, ಅದು ಬೆಂಗಳೂರಾಗ ಆಗೋ ಕೆಲಸ" ಎಂದು ಹೇಳಿ ನಾನು ಪಾಠ ಮುಂದುವರಿಸಿದೆ.

ನನ್ನ ಮಾತಿನಲ್ಲಿ ಅರ್ಧ ಸತ್ಯವಿತ್ತು. ಅದೇ ವರ್ಷ ಜನವರಿ 6ರಂದು ತಮಿಳುನಾಡಿನ ಕಾವಲೂರಿನಲ್ಲಿ ಪ್ರಧಾನಿ ರಾಜೀವ್ ಗಾಂಧಿಯವರು ದೊಡ್ಡ ದೂರದರ್ಶಕಕ್ಕೆ ವೇಣು ಬಾಪು ಅವರ ಹೆಸರಿಟ್ಟರು. ಅದರ 2.34 ಮೀಟರ್ ವ್ಯಾಸದ ಗಾಜು ಜರ್ಮನಿಯಿಂದ ಬಂದದ್ದು. ಅದನ್ನು ಉಜ್ಜಿ ಕನ್ನಡಿಯಾಗಿಸಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಲ್ಲಿ. ಅಷ್ಟು ಭಾರದ ಗಾಜಿಗೆ ಯಂತ್ರವೇ ಬೇಕು.

ಉಳಿದರ್ಧವನ್ನು ಇತಿಹಾಸ ಹೇಳುತ್ತದೆ. ಇಂಗ್ಲೆಂಡಿನ ಬಾತ್ ನಗರದಲ್ಲಿ ಸಂಗೀತಗಾರನಾಗಿದ್ದ ವಿಲಿಯಂ ಹರ್ಷೆಲ್ 1781ರಲ್ಲಿ ಯುರೇನಸ್ಸನ್ನು ಕಂಡದ್ದು ತಾನೇ ಉಜ್ಜಿದ ಸುಮಾರು 6 ಅಂಗುಲದ ಲೋಹದ ಕನ್ನಡಿಯಿಂದ. ಕನ್ನಡಿಗಳು ದೊಡ್ಡವಾದಂತೆ ಮೊದಲು ಆಳುಗಳನ್ನು ನಿಲ್ಲಿಸಿದ, ಆಮೇಲೆ ಯಂತ್ರವನ್ನು ರೂಪಿಸಿದ. ಐರ್ಲೆಂಡಿನ ಲಾರ್ಡ್ ರಾಸ್ ಉಗಿಯಂತ್ರದ ಬಲದಿಂದ 72 ಅಂಗುಲದ ಕನ್ನಡಿಯನ್ನು ಉಜ್ಜಿಸಿ, 1845ರಲ್ಲಿ ಬಳಕೆಗೆ ತಂದ.

ಈ ಯಂತ್ರದ ಮರ್ಮ ನಮ್ಮ ಬೀಸುಕಲ್ಲಿಗಿಂತ ಬಹಳ ದೂರದ್ದಲ್ಲ. ಎರಡು ಗಾಜಿನ ಬಿಲ್ಲೆಗಳ ನಡುವೆ ಕಾರ್ಬೊರಂಡಂ ಪುಡಿ ಮತ್ತು ನೀರು ಹಾಕಿ, ಮೇಲಿನದನ್ನು ಹಿಂದೆ ಮುಂದೆ ಎಳೆಯುತ್ತ, ಆಗಾಗ ಎರಡನ್ನೂ ತಿರುಗಿಸುತ್ತಿದ್ದರೆ ಮೇಲಿನದರ ನಡುಭಾಗ ಸವೆದು ತಗ್ಗಾಗುತ್ತದೆ, ಕೆಳಗಿನದರ ಅಂಚು ಸವೆದು ಉಬ್ಬಾಗುತ್ತದೆ. ಯಂತ್ರದಲ್ಲಿ ಮೇಜು ನಿಧಾನವಾಗಿ ತಿರುಗುತ್ತದೆ. ಒಂದು ತೋಳು ಬಿಲ್ಲೆಯನ್ನು ಆಚೀಚೆ ಎಳೆಯುತ್ತದೆ. ತೋಳಿನ ಎಳೆತ ಎಷ್ಟು ಉದ್ದ ಎಂಬುದರ ಮೇಲೆ ತಗ್ಗಿನ ಆಕಾರ ನಿಲ್ಲುತ್ತದೆ.

ಆದರೆ ಎಲ್ಲಿ ನಿಲ್ಲಬೇಕೆಂಬುದು ಯಂತ್ರಕ್ಕೆ ತಿಳಿಯದು. ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು ತಪ್ಪಿದರೂ ಬಿಂಬ ಕೆಡುತ್ತದೆ. ಆ ತಪ್ಪನ್ನು ದೀಪ ಹಾಗೂ ಚೂಪಾದ ಅಲಗಿನ ನೆರವಿನಿಂದ ಕಣ್ಣಿಗೆ ಕಾಣಿಸುವ ಉಪಾಯವನ್ನು ಫ್ರಾನ್ಸಿನ ಫೂಕೋ 1850ರ ದಶಕದ ಕೊನೆಯಲ್ಲಿ ಕಂಡುಹಿಡಿದ. ಅಲಗಿಗೆ ಕ್ಷೌರದ ಬ್ಲೇಡು ಸಾಕು. 6 ಅಂಗುಲದ ಕನ್ನಡಿಗೆ ಯಂತ್ರ ಬೇಡ; ಎರಡು ಕೈ, ಬ್ಲೇಡು, ಅಪಾರ ತಾಳ್ಮೆ ಬೇಕು.

ಇದನ್ನೆಲ್ಲ ನಾನು ಓದಿ ತಿಳಿಯುವ ಹೊತ್ತಿಗೆ ಆ ಹುಡುಗ ಶಾಲೆ ಬಿಟ್ಟು ಹೋಗಿದ್ದ. ಈಗ ಅವನಿಗೆ ಐವತ್ತು ದಾಟಿರಬೇಕು. ಈ ಬರಹ ಅವನ ಕಣ್ಣಿಗೆ ಬಿದ್ದರೆ ಅವನ ಪ್ರಶ್ನೆಗೆ ನನ್ನ ತಿದ್ದಿದ ಉತ್ತರ ಇಷ್ಟೇ: ಹೌದು ತಮ್ಮಾ, ಮಾಡಾಕ ಬರತೈತಿ.