‘ಸಶೇಷ’ದಲ್ಲೇ ನಿಂತ ಆಟಗಳು

ವಾರಪತ್ರಿಕೆಯ ಧಾರಾವಾಹಿಯನ್ನು ವಾರವಾರವೂ ಕತ್ತರಿಸಿಟ್ಟು, ಕೊನೆಗೆ ದಾರ ಹಾಕಿ ಹೊಲಿದು ರಟ್ಟು ಕಟ್ಟಿಸಿದ ಪುಸ್ತಕಗಳು ನಮ್ಮ ಎಷ್ಟೋ ಮನೆಗಳ ಅಟ್ಟದಲ್ಲಿ ಇಂದಿಗೂ ಸಿಗುತ್ತವೆ. ಪ್ರತಿ ಕಂತಿನ ಕೊನೆಯಲ್ಲಿ ‘ಸಶೇಷ’ ಎಂಬ ಪದ, ಕಟ್ಟಕಡೆಯ ಪುಟದಲ್ಲಿ ‘ಮುಗಿಯಿತು’. ಈಗ ಹೀಗೊಂದು ಊಹಿಸಿಕೊಳ್ಳಿ. ಅಂಗಡಿಯಲ್ಲಿ ಅಂದವಾದ ಹೊದಿಕೆಯ ಕಾದಂಬರಿಯೊಂದನ್ನು ಪೂರ್ತಿ ಬೆಲೆ ಕೊಟ್ಟು ಕೊಂಡಿರಿ. ಮನೆಗೆ ತಂದು ತೆರೆದರೆ ಒಳಗೆ ಮೊದಲ ಅಧ್ಯಾಯ ಮಾತ್ರ ಇದೆ. ‘ಉಳಿದ ನಾಲ್ಕು ಅಧ್ಯಾಯಗಳನ್ನು ಬರೆದಾದ ಮೇಲೆ ಕೊಡುತ್ತೇವೆ, ನಮ್ಮಲ್ಲಿಂದ ಪಡೆದುಕೊಳ್ಳಿ’ ಎಂದು ಪ್ರಕಾಶಕರು ಹೇಳುತ್ತಾರೆ. ನೀವು ಒಪ್ಪುತ್ತೀರಾ?

ವಿಡಿಯೊ ಆಟಗಳ ಲೋಕದಲ್ಲಿ ಇದು ಊಹೆಯಲ್ಲ. 2015ರ ಅಕ್ಟೋಬರ್ 27ರಂದು ಅಮೆರಿಕದ ಅಂಗಡಿಗಳಿಗೆ ‘ಮೈನ್‌ಕ್ರಾಫ್ಟ್: ಸ್ಟೋರಿ ಮೋಡ್’ ಎಂಬ ಆಟದ ಪೆಟ್ಟಿಗೆಗಳು ಬಂದವು. ಬೆಲೆ ಸುಮಾರು 30 ಡಾಲರ್. ಒಳಗಿದ್ದ ಡಿಸ್ಕಿಗೆ ಕಂಪೆನಿ ಇಟ್ಟ ಹೆಸರು ‘ಸೀಸನ್ ಪಾಸ್ ಡಿಸ್ಕ್’. ಐದು ಕಂತುಗಳ ಕಥೆಯಲ್ಲಿ ಡಿಸ್ಕಿನ ಮೇಲಿದ್ದುದು ಮೊದಲ ಕಂತು. ಎರಡನೆಯದು ಅದೇ ದಿನ ಇಂಟರ್ನೆಟ್ಟಿನಲ್ಲಿ ಬಿಡುಗಡೆಯಾಯಿತು. ಐದನೆಯದು ಬಂದದ್ದು 2016ರ ಮಾರ್ಚ್ ಕೊನೆಗೆ. ಅಂದರೆ ಡಿಸ್ಕ್ ಅಚ್ಚಾಗುವ ಹೊತ್ತಿಗೆ ಕಥೆಯ ಬಹುಭಾಗ ಇನ್ನೂ ತಯಾರಾಗಿರಲಿಲ್ಲ. ಅದಾಗಿ ನಾಲ್ಕು ವರ್ಷ ತುಂಬುವ ಮೊದಲೇ ಆಟ ತಯಾರಿಸಿದ ಕಂಪೆನಿ ಮುಚ್ಚಿಹೋಗಿತ್ತು. ಕಪಾಟಿನಲ್ಲಿ ಉಳಿದ ಡಿಸ್ಕಿನಲ್ಲಿ ಮಾತ್ರ ಮೊದಲಿನಂತೆಯೇ ಒಂದು ಕಂತು ಇತ್ತು.

ಈ ಪದ್ಧತಿ ಹೇಗೆ ಬಂತು, ಏಕೆ ಬಂತು, ಇದರಿಂದ ಕಳೆದುಕೊಂಡವರು ಯಾರು ಎಂಬುದು ಆಟವಾಡದವರೂ ತಿಳಿಯಬೇಕಾದ ಸಂಗತಿ. ಏಕೆಂದರೆ ಇದು ಆಟಕ್ಕಷ್ಟೇ ಸೇರಿದ ಮಾತಲ್ಲ. ‘ಕೊಂಡೆ’ ಎಂದರೆ ಏನು ಎಂಬ ಪ್ರಶ್ನೆಯೂ ಇದರಲ್ಲಿದೆ.

ಕಂತಿಗೊಂದು ಡಿಸ್ಕ್

ಕಥೆಯನ್ನು ಕಂತುಗಳಲ್ಲಿ ಮಾರುವುದು ಹಳೆಯ ವ್ಯಾಪಾರ. ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ 1836ರಿಂದಲೇ ತಿಂಗಳಿಗೊಂದು ತೆಳು ಸಂಚಿಕೆಯಾಗಿ ಕಾದಂಬರಿಗಳನ್ನು ಹೊರತಂದ. ಸಂಚಿಕೆಯೊಂದಕ್ಕೆ ಒಂದು ಷಿಲಿಂಗ್. 1870ರ ಜೂನ್‌ನಲ್ಲಿ ಆತ ತೀರಿಕೊಂಡಾಗ ‘ದಿ ಮಿಸ್ಟರಿ ಆಫ್ ಎಡ್ವಿನ್ ಡ್ರೂಡ್’ನ ಹನ್ನೆರಡು ಸಂಚಿಕೆಗಳ ಪೈಕಿ ಆರಕ್ಕಾಗುವಷ್ಟು ಮಾತ್ರ ಬರೆದಿತ್ತು. ಕೊಲೆಗಾರ ಯಾರೆಂಬುದು ಇಂದಿಗೂ ಖಚಿತವಿಲ್ಲ. ಆದರೆ ಓದುಗ ಒಂದೊಂದೇ ಸಂಚಿಕೆ ಕೊಳ್ಳುತ್ತ ಹೋದದ್ದರಿಂದ ಬಾರದ ಸಂಚಿಕೆಗಳಿಗೆ ಹಣ ತೆತ್ತಿರಲಿಲ್ಲ.

ವಿಡಿಯೊ ಆಟದ ಕಂಪೆನಿಗಳೂ ಮೊದಮೊದಲು ಹೀಗೆಯೇ ನಡೆದುಕೊಂಡವು. ಜಪಾನಿನ ಬಂಡಾಯ್ ಕಂಪೆನಿ ಪ್ಲೇಸ್ಟೇಷನ್ 2 ಯಂತ್ರಕ್ಕಾಗಿ ಹೊರತಂದ ‘ಡಾಟ್ ಹ್ಯಾಕ್’ ಇದಕ್ಕೆ ಒಳ್ಳೆಯ ಉದಾಹರಣೆ. ಒಂದೇ ಕಥೆಯನ್ನು ನಾಲ್ಕು ಡಿಸ್ಕುಗಳಾಗಿ ಒಡೆದು 2002ರ ಜೂನ್‌ನಿಂದ 2003ರ ಏಪ್ರಿಲ್‌ವರೆಗೆ ಜಪಾನಿನಲ್ಲಿ ಮಾರಲಾಯಿತು. ಪ್ರತಿ ಪೆಟ್ಟಿಗೆಯಲ್ಲೂ ಆಟದ ಜೊತೆಗೆ ಕಾರ್ಟೂನ್ ಚಿತ್ರದ ಒಂದು ಡಿ.ವಿ.ಡಿ. ಒಂದನೆಯ ಭಾಗದಲ್ಲಿ ಆಟಗಾರ ಗಳಿಸಿದ್ದನ್ನು ಎರಡನೆಯದಕ್ಕೆ ಸಾಗಿಸಬಹುದಿತ್ತು. ನಾಲ್ಕು ಬಾರಿ ದುಡ್ಡು ಕೊಡಬೇಕು ಎಂಬ ಗೊಣಗಾಟ ಇದ್ದೀತು. ಆದರೂ ಕೈಗೆ ಬಂದ ಪ್ರತಿ ಡಿಸ್ಕಿನಲ್ಲೂ ಆ ಕಂತು ಪೂರ್ತಿಯಾಗಿತ್ತು, ನಾಲ್ಕನೆಯದರಲ್ಲಿ ಕಥೆ ಮುಗಿಯಿತು.

ಮುಗಿಯದ ಕಥೆಗಳ ಸರದಿ 2006ರಲ್ಲಿ ಬಂತು. ಇಂಟರ್ನೆಟ್ ಮೂಲಕ ಆಟ ಮಾರುವುದು ಆಗತಾನೆ ಕುದುರುತ್ತಿದ್ದ ಕಾಲ. ವರ್ಷಗಟ್ಟಲೆ ದುಡಿದು ಒಂದು ದೊಡ್ಡ ಆಟ ಮಾಡುವ ಬದಲು ಕೆಲವು ತಿಂಗಳಿಗೊಂದು ಚಿಕ್ಕ ಕಂತು ಕೊಡೋಣ ಎಂಬುದು ಅನೇಕರ ಲೆಕ್ಕಾಚಾರ. ಅಮೆರಿಕದ ರಿಚುಯಲ್ ಎಂಟರ್‌ಟೈನ್‌ಮೆಂಟ್ ‘ಸಿನ್ ಎಪಿಸೋಡ್ಸ್’ ಎಂಬ ಹೆಸರಿನಲ್ಲಿ ಒಂಬತ್ತು ಕಂತುಗಳನ್ನು ಯೋಜಿಸಿ ಆ ವರ್ಷದ ಮೇ ತಿಂಗಳಲ್ಲಿ ಮೊದಲನೆಯದನ್ನು ಬಿಡುಗಡೆ ಮಾಡಿತು. ಇಂಟರ್ನೆಟ್ಟಿನಲ್ಲೂ ಸಿಕ್ಕಿತು, ಅಂಗಡಿಯಲ್ಲಿ ಪೆಟ್ಟಿಗೆಯಾಗಿಯೂ ಸಿಕ್ಕಿತು. 2007ರ ಜನವರಿಯಲ್ಲಿ ಕಂಪೆನಿ ಬೇರೊಬ್ಬರ ಕೈಸೇರಿತು. ಉಳಿದ ಎಂಟು ಕಂತುಗಳು ಬರಲೇ ಇಲ್ಲ.

ವಾಲ್ವ್ ಕಂಪೆನಿಯ ‘ಹಾಫ್-ಲೈಫ್ 2’ ಇದಕ್ಕಿಂತ ಹೆಸರಾದ ಪ್ರಸಂಗ. ಅದರ ಮುಂದಿನ ಕಥೆಯನ್ನು ಮೂರು ಕಂತುಗಳಲ್ಲಿ ಹೇಳುವುದಾಗಿ ಕಂಪೆನಿ ಸಾರಿತ್ತು. ಮೊದಲನೆಯದು 2006ರ ಜೂನ್‌ನಲ್ಲಿ ಬಂತು, ಎರಡನೆಯದು 2007ರ ಅಕ್ಟೋಬರ್‌ನಲ್ಲಿ. ಎರಡನೆಯದರ ಕೊನೆಯಲ್ಲಿ ನಾಯಕಿಯ ಕಣ್ಣೆದುರೇ ಆಕೆಯ ತಂದೆ ಸಾಯುತ್ತಾನೆ, ಅಲ್ಲಿಗೆ ಕಥೆ ನಿಂತಿತು. ಮೂರನೆಯದಕ್ಕಾಗಿ ಮಾಡಿದ್ದ ಕೆಲಸದ ತುಣುಕುಗಳನ್ನು ವಾಲ್ವ್ 2024ರ ನವೆಂಬರ್‌ನಲ್ಲಿ ಒಂದು ಸಾಕ್ಷ್ಯಚಿತ್ರದಲ್ಲಿ ತೋರಿಸಿತು. ಅಭಿಮಾನಿಗಳಿಗೆ ಸಿಕ್ಕದ್ದು ಅಷ್ಟೇ.

ಇವೆರಡರಲ್ಲೂ ಆಟಗಾರರಿಗೆ ನಿರಾಸೆಯಾಯಿತು, ನಿಜ. ಆದರೆ ಅವರು ಹಣ ಕೊಟ್ಟದ್ದು ಬಂದ ಕಂತಿಗೆ. ಬಾರದ್ದಕ್ಕಲ್ಲ.

ಮುಂಗಡದ ಡಿಸ್ಕ್

‘ಮೈನ್‌ಕ್ರಾಫ್ಟ್: ಸ್ಟೋರಿ ಮೋಡ್’ ತಯಾರಿಸಿದ್ದು ಕ್ಯಾಲಿಫೋರ್ನಿಯಾದ ಟೆಲ್‌ಟೇಲ್ ಗೇಮ್ಸ್. 2004ರಲ್ಲಿ ಹುಟ್ಟಿದ ಈ ಕಂಪೆನಿ ಕಂತಿನ ಆಟಗಳನ್ನೇ ಕಸುಬಾಗಿಸಿಕೊಂಡಿತ್ತು. 2006ರ ಕೊನೆಯಲ್ಲಿ ಶುರುವಾದ ‘ಸ್ಯಾಮ್ ಅಂಡ್ ಮ್ಯಾಕ್ಸ್’ ಆಟದ ಆರು ಕಂತುಗಳನ್ನು ಅದು ಸುಮಾರು ಆರು ತಿಂಗಳಲ್ಲಿ ಮುಗಿಸಿತು. ಆಟವನ್ನು ತನ್ನಿಂದಲೇ ನೇರವಾಗಿ ಕೊಂಡವರಿಗೆ, ಎಲ್ಲ ಕಂತುಗಳು ಬಂದಾದ ಮೇಲೆ, ಬರೇ ಅಂಚೆವೆಚ್ಚ ಪಡೆದು ಡಿಸ್ಕ್ ಕಳಿಸಿಕೊಟ್ಟಿತು. ಅಂದರೆ ಮೊದಲು ಕಂತು, ಕೊನೆಗೆ ಡಿಸ್ಕ್. ನಮ್ಮವರು ಧಾರಾವಾಹಿ ಮುಗಿದ ಮೇಲೆ ರಟ್ಟು ಕಟ್ಟಿಸುವ ಕ್ರಮವೇ ಇದು. 2012ರಲ್ಲಿ ಕಂಪೆನಿಗೆ ಜಗತ್ತಿನೆಲ್ಲೆಡೆ ಹೆಸರು ತಂದ ‘ದಿ ವಾಕಿಂಗ್ ಡೆಡ್’ ಕೂಡ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಐದು ಕಂತು ಮುಗಿಸಿ, ಡಿಸೆಂಬರ್‌ನಲ್ಲಿ ಡಿಸ್ಕಾಗಿ ಅಂಗಡಿಗೆ ಬಂತು.

ಇದೇ ಕಂಪೆನಿ 2015ರ ಹೊತ್ತಿಗೆ ಕ್ರಮವನ್ನು ತಿರುಗಿಸಿತು. ಕಾರಣ ಊಹಿಸುವುದು ಕಷ್ಟವಲ್ಲ. ಹೊಸ ಆಟದ ಸುದ್ದಿ ಬಿಸಿಯಾಗಿರುವುದು ಮೊದಲ ಕಂತು ಬಂದಾಗ. ಐದು ತಿಂಗಳು ಕಾದರೆ ಕ್ರಿಸ್‌ಮಸ್ ವ್ಯಾಪಾರ ಕೈತಪ್ಪುತ್ತದೆ. ಮೈನ್‌ಕ್ರಾಫ್ಟ್ ಎಂದರೆ ಮಕ್ಕಳಿಗೆ ಪ್ರಾಣ. ಮಗುವಿನ ಕೈಯಲ್ಲಿ ಕ್ರೆಡಿಟ್ ಕಾರ್ಡ್ ಇರುವುದಿಲ್ಲ. ಅಜ್ಜಿಯೋ ಚಿಕ್ಕಪ್ಪನೋ ಉಡುಗೊರೆ ಕೊಡಬೇಕಾದರೆ ಬಣ್ಣದ ಕಾಗದ ಸುತ್ತಲು ಒಂದು ಪೆಟ್ಟಿಗೆ ಬೇಕು.

ಡಿಸ್ಕಿನಲ್ಲಿ ಜಾಗ ಸಾಲದೆ ಹೀಗಾಯಿತು ಎಂದುಕೊಳ್ಳಬೇಡಿ. ಈ ಯಂತ್ರಗಳ ಬ್ಲೂ-ರೇ ಡಿಸ್ಕ್ ಎರಡು ಪದರದಲ್ಲಿ 50 ಗಿಗಾಬೈಟ್ ಹಿಡಿಯುತ್ತದೆ. ತೊಡಕು ಇದ್ದದ್ದು ಕಾಲದ್ದು. ಕಾರ್ಖಾನೆಯಲ್ಲಿ ಅಚ್ಚೊತ್ತಿದ ಡಿಸ್ಕಿಗೆ ಆಮೇಲೆ ಒಂದಕ್ಷರವನ್ನೂ ಸೇರಿಸಲು ಬರುವುದಿಲ್ಲ. ಅಚ್ಚಿಗೆ ಹೋಗುವ ದಿನ ಏನು ಸಿದ್ಧವಿತ್ತೋ ಅದೇ ಶಾಶ್ವತ.

2016ರಲ್ಲಿ ‘ಬ್ಯಾಟ್‌ಮ್ಯಾನ್’ ಆಟಕ್ಕೂ ಇದೇ ಉಪಾಯ ಹೂಡಲಾಯಿತು. ಡಿಸ್ಕ್ ಅಮೆರಿಕದ ಅಂಗಡಿಗೆ ಬಂದದ್ದು ಸೆಪ್ಟೆಂಬರ್ 13ರಂದು. ಆ ದಿನ ಜಗತ್ತಿನಲ್ಲಿ ಬಿಡುಗಡೆಯಾಗಿದ್ದುದು ಒಂದೇ ಕಂತು. ಎರಡನೆಯದು ಒಂದು ವಾರದ ನಂತರ ಬಂತು, ಐದನೆಯದು ಡಿಸೆಂಬರ್ 13ಕ್ಕೆ. ಈ ಬಾರಿ ಮಾತು ನಡೆಯಿತು, ಕೊಂಡವರಿಗೆ ಎಲ್ಲ ಕಂತುಗಳೂ ದಕ್ಕಿದವು. ‘ಮೈನ್‌ಕ್ರಾಫ್ಟ್’ ಕೊಂಡವರಿಗೂ ಆ ವರ್ಷ ಐದೂ ಕಂತು ದಕ್ಕಿದ್ದವು. ಆದ್ದರಿಂದಲೇ ಪೆಟ್ಟಿಗೆಯೊಳಗಿನ ಡಿಸ್ಕ್ ಒಂದು ಬಗೆಯ ಮುಂಗಡ ರಶೀದಿ ಎಂಬುದನ್ನು ಆಗ ಹೆಚ್ಚಿನವರು ಗಮನಿಸಲಿಲ್ಲ.

ಎಲ್ಲರೂ ಹೀಗೆ ಮಾಡಲಿಲ್ಲ ಎಂಬುದನ್ನೂ ಹೇಳಬೇಕು. 2015ರಲ್ಲಿ ಐದು ಕಂತುಗಳಲ್ಲಿ ಬಂದ ‘ಲೈಫ್ ಈಸ್ ಸ್ಟ್ರೇಂಜ್’ ಡಿಸ್ಕಾಗಿ ಅಂಗಡಿಗೆ ಬಂದದ್ದು ಕಥೆ ಮುಗಿದ ಮೇಲೆ, 2016ರ ಜನವರಿಯಲ್ಲಿ. ‘ಹಿಟ್‌ಮ್ಯಾನ್’ ಆಟ 2016ರ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಪ್ಯಾರಿಸ್, ಬ್ಯಾಂಕಾಕ್ ಎಂದು ಊರಿಗೊಂದು ಕಂತಾಗಿ ಬಿಡುಗಡೆಯಾಯಿತು. ಅದರ ಡಿಸ್ಕ್ ಬಂದದ್ದು 2017ರ ಜನವರಿ 31ರಂದು, ಆರೂ ಕಂತುಗಳ ಸಮೇತ. ಕಾಯುವುದು ಸಾಧ್ಯವಿತ್ತು ಎಂಬುದಕ್ಕೆ ಇವೇ ಸಾಕ್ಷಿ.

ಬಾಗಿಲು ಮುಚ್ಚಿದ ದಿನ

2018ರ ಸೆಪ್ಟೆಂಬರ್ 21ರಂದು ಟೆಲ್‌ಟೇಲ್ ತನ್ನ ಇನ್ನೂರಕ್ಕೂ ಹೆಚ್ಚು ನೌಕರರನ್ನು ಒಂದೇ ದಿನ ಮನೆಗೆ ಕಳಿಸಿತು. ಉಳಿದವರು ಇಪ್ಪತ್ತೈದು ಜನ. ಹೋದವರಿಗೆ ಪರಿಹಾರದ ಹಣವೂ ಸಿಗಲಿಲ್ಲ. ಆಗ ‘ದಿ ವಾಕಿಂಗ್ ಡೆಡ್’ನ ಕೊನೆಯ ಸರಣಿ ನಡುದಾರಿಯಲ್ಲಿತ್ತು. ನಾಲ್ಕು ಕಂತುಗಳಲ್ಲಿ ಒಂದು ಬಂದಿತ್ತು, ಎರಡನೆಯದು ಬೀಗ ಬಿದ್ದ ನಾಲ್ಕನೆಯ ದಿನ ಹೊರಬಿತ್ತು. ನಾಲ್ಕಕ್ಕೂ ಸೇರಿಸಿ ಮುಂಗಡ ಕೊಟ್ಟವರು ಬೆಪ್ಪಾದರು.

ಈ ಕಥೆಗೆ ಮಾತ್ರ ಒಬ್ಬ ತಿಮ್ಮಣ್ಣ ಕವಿ ಸಿಕ್ಕಿದ. ಕುಮಾರವ್ಯಾಸ ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತವನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಮುಂದುವರಿಸಿ ಮುಗಿಸಿದಂತೆ, ‘ವಾಕಿಂಗ್ ಡೆಡ್’ ಮೂಲಕಥೆಯ ಲೇಖಕ ರಾಬರ್ಟ್ ಕಿರ್ಕ್‌ಮನ್ನನ ಸ್ಕೈಬೌಂಡ್ ಸಂಸ್ಥೆ ಕೆಲಸ ಕಳೆದುಕೊಂಡಿದ್ದ ಕಲಾವಿದರಲ್ಲಿ ಹಲವರನ್ನು ಕರೆದು ಆಟವನ್ನು ಪೂರ್ತಿಗೊಳಿಸಿತು. ಮೂರನೆಯ ಕಂತು 2019ರ ಜನವರಿಯಲ್ಲೂ ನಾಲ್ಕನೆಯದು ಮಾರ್ಚ್‌ನಲ್ಲೂ ಬಂದವು.

‘ಮೈನ್‌ಕ್ರಾಫ್ಟ್: ಸ್ಟೋರಿ ಮೋಡ್’ಗೆ ಆ ಭಾಗ್ಯ ಇರಲಿಲ್ಲ. ವಿಚಿತ್ರವೆಂದರೆ ಅದು ಪೂರ್ತಿಯಾಗಿದ್ದ ಆಟ. ಐದರ ಮೇಲೆ ಇನ್ನೂ ಮೂರು ಕಂತುಗಳೂ ಬಂದಿದ್ದವು. ಆದರೆ ಅದು ಮುಗಿದದ್ದು ಕಂಪೆನಿಯ ಕಂಪ್ಯೂಟರುಗಳಲ್ಲಿ, ಮೊದಲು ಕೊಂಡವರ ಡಿಸ್ಕುಗಳಲ್ಲಲ್ಲ. 2019ರ ಜೂನ್ 25ರ ನಂತರ ಕಂತುಗಳನ್ನು ಇಳಿಸಿಕೊಳ್ಳಲು ಆಗುವುದಿಲ್ಲ, ಹಣ ಕೊಟ್ಟವರು ಅಷ್ಟರೊಳಗೆ ಇಳಿಸಿಕೊಂಡುಬಿಡಿ ಎಂಬ ಪ್ರಕಟಣೆ ಬಂತು. ಆ ದಿನಗಳಲ್ಲಿ ಎಕ್ಸ್‌ಬಾಕ್ಸ್ 360 ಯಂತ್ರದ ಅಂಗಡಿಯಲ್ಲಿ ಒಂದೊಂದು ಕಂತಿನ ಬೆಲೆ ಸುಮಾರು 100 ಡಾಲರಿಗೆ ಏರಿತು. ದುರಾಸೆಯಿಂದಲ್ಲ, ಹೊಸಬರು ಯಾರೂ ಕೊಳ್ಳದಿರಲಿ ಎಂದು! ಹಳಬರು ಇಳಿಸಿಕೊಳ್ಳಲು ಬಾಗಿಲು ತೆರೆದಿಡಬೇಕು, ಹೊಸಬರು ಮೋಸಹೋಗಬಾರದು. ಅದಕ್ಕೆ ಸಿಕ್ಕ ಉಪಾಯ ಅದು. ಇದೇ ಕಥೆಯ ಒಂದು ರೂಪ 2018ರ ಕೊನೆಯಲ್ಲಿ ನೆಟ್‌ಫ್ಲಿಕ್ಸ್‌ಗೂ ಬಂದಿತ್ತು. 2022ರ ಡಿಸೆಂಬರ್‌ನಲ್ಲಿ ಅಲ್ಲಿಂದಲೂ ಅದನ್ನು ತೆಗೆಯಲಾಯಿತು.

2015ರ ಕ್ರಿಸ್‌ಮಸ್‌ಗೆ ಆ ಪೆಟ್ಟಿಗೆ ಪಡೆದ ಎಂಟು ವರ್ಷದ ಹುಡುಗನನ್ನು ನೆನೆಯಿರಿ. ಅವನು ಬೆಳೆದು ತನ್ನ ತಂಗಿಗೆ ಆ ಡಿಸ್ಕ್ ದಾಟಿಸಿದರೆ ಅವಳಿಗೆ ಸಿಗುವುದು ಮೊದಲ ಅಧ್ಯಾಯ. ಹಳೆಯ ಆಟಗಳ ಅಂಗಡಿಯಲ್ಲಿ ಅದನ್ನು ಕೊಂಡವರಿಗೂ ಅಷ್ಟೇ. ಎರವಲು ಕೊಡುವುದು, ಮರುಮಾರುವುದು, ಮಕ್ಕಳಿಗೆ ಉಳಿಸುವುದು. ಡಿಸ್ಕಿಗಾಗಿ ಜನ ಹಣ ಕೊಡುತ್ತಿದ್ದುದು ಇವುಗಳ ಭರವಸೆಯಿಂದ. ಸೀಸನ್ ಪಾಸ್ ಡಿಸ್ಕ್ ಆ ಭರವಸೆಯ ಆಕಾರವನ್ನು ಮಾತ್ರ ಉಳಿಸಿಕೊಂಡಿತ್ತು. ಒಳಗಿನ ಸರಕು ಕಂಪೆನಿಯ ಆಯುಸ್ಸಿಗೆ ಕಟ್ಟುಬಿದ್ದಿತ್ತು.

ಗ್ರಂಥಾಲಯ ಕೇಳಿದ ಪ್ರಶ್ನೆ

ಟೆಲ್‌ಟೇಲ್ ಹೋದ ಮೇಲೆ ಈ ಪ್ರಶ್ನೆ ಹೋಗಲಿಲ್ಲ. ಇಂಟರ್ನೆಟ್ಟಿನಲ್ಲಿ ಡಿಜಿಟಲ್ ಸರಕನ್ನು ‘ಕೊಳ್ಳಿ’ ಎಂದು ಮಾರುವವರು, ಅದು ಬಳಸುವ ಪರವಾನಗಿ ಮಾತ್ರ ಎಂಬುದನ್ನು ಗಿರಾಕಿಗೆ ಸ್ಪಷ್ಟವಾಗಿ ತಿಳಿಸಬೇಕೆಂಬ ಕಾನೂನನ್ನು ಕ್ಯಾಲಿಫೋರ್ನಿಯಾ 2024ರಲ್ಲಿ ಮಾಡಿತು. ಅದು ಜಾರಿಗೆ ಬಂದದ್ದು 2025ರ ಜನವರಿ 1ರಿಂದ. ಅದೇ ವರ್ಷ ನಿಂಟೆಂಡೊ ಕಂಪೆನಿ ತನ್ನ ಸ್ವಿಚ್ 2 ಯಂತ್ರದ ಜೊತೆಗೆ ‘ಗೇಮ್-ಕೀ ಕಾರ್ಡ್’ ತಂದಿತು. ಈ ಕಾರ್ಡಿನೊಳಗೆ ಮೊದಲ ಕಂತೂ ಇಲ್ಲ. ಆಟವನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಲು ಬೇಕಾದ ಬೀಗದ ಕೈ ಮಾತ್ರ ಇದೆ. ಕಂಪೆನಿ ಅದನ್ನು ಪೆಟ್ಟಿಗೆಯ ಮುಖದ ಮೇಲೆಯೇ ಹೇಳಿದೆ ಎಂಬುದಷ್ಟೇ ಸಮಾಧಾನ.

ಜಪಾನಿನ ರಾಷ್ಟ್ರೀಯ ಗ್ರಂಥಾಲಯ ಪುಸ್ತಕಗಳಂತೆಯೇ ಪೆಟ್ಟಿಗೆಯಲ್ಲಿ ಬರುವ ಆಟಗಳನ್ನೂ ಮುಂದಿನ ಪೀಳಿಗೆಗಾಗಿ ಸಂಗ್ರಹಿಸುತ್ತದೆ. ಈ ಹೊಸ ಕಾರ್ಡುಗಳನ್ನು ಸಂಗ್ರಹಿಸುತ್ತೀರಾ ಎಂದು ಕೇಳಿದಾಗ, ಕಾರ್ಡಿನಲ್ಲಿ ಕೃತಿಯೇ ಇಲ್ಲದ್ದರಿಂದ ಅದು ಸಂಗ್ರಹದ ವ್ಯಾಪ್ತಿಗೆ ಬರುವುದಿಲ್ಲ ಎಂದು ಗ್ರಂಥಾಲಯ 2025ರಲ್ಲಿ ತಿಳಿಸಿತು. ಗ್ರಂಥಪಾಲಕರ ಈ ಅಳತೆಗೋಲಿಗೆ ಒಡ್ಡಿದರೆ 2015ರ ಆ ಡಿಸ್ಕಿನಲ್ಲಿ ಐದನೆಯ ಒಂದು ಭಾಗದಷ್ಟೇ ಕೃತಿ ಇತ್ತೆನ್ನಬೇಕು.

ಮಕ್ಕಳಿಗೆ ಆಟ ಕೊಡಿಸುವ ಪಾಲಕರು ಪೆಟ್ಟಿಗೆಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದುವುದು ಒಳ್ಳೆಯದು. ‘ಡೌನ್‌ಲೋಡ್ ಅಗತ್ಯ’ ಎಂಬ ಅರ್ಥದ ಮಾತು ಅಲ್ಲಿದ್ದರೆ ಕೊಳ್ಳುತ್ತಿರುವುದು ಪೂರ್ತಿ ವಸ್ತುವನ್ನಲ್ಲ ಎಂದು ತಿಳಿಯಬೇಕು. ಕಥೆ ಕಂತುಗಳದಾದರೆ ‘ಸಂಪೂರ್ಣ’ ಆವೃತ್ತಿ ಬರುವತನಕ ಕಾಯಬಹುದು. ಮೈನ್‌ಕ್ರಾಫ್ಟ್‌ಗೂ 2016ರ ಅಕ್ಟೋಬರ್‌ನಲ್ಲಿ ಎಂಟೂ ಕಂತುಗಳ ಅಂಥದೊಂದು ಆವೃತ್ತಿ ಬಂದಿತ್ತು. ಒಂದು ವರ್ಷ ತಾಳಿದವರು ಕೊಂಡದ್ದು ಅದನ್ನು.

ಅಟ್ಟದ ಮೇಲಿನ ರಟ್ಟಿನ ಪುಸ್ತಕವನ್ನು ಈಗ ಕೆಳಗಿಳಿಸಿ ನೋಡಿ. ಅದನ್ನು ಅಚ್ಚುಹಾಕಿದ ಪತ್ರಿಕೆ ನಿಂತುಹೋಗಿರಬಹುದು, ಬರೆದವರೂ ಕತ್ತರಿಸಿಟ್ಟವರೂ ತೀರಿಕೊಂಡಿರಬಹುದು. ಕಾಗದ ಹಳದಿಯಾಗಿದೆ, ಅಂಚು ಮುರಿಯುತ್ತಿದೆ. ಆದರೂ ಕಟ್ಟಕಡೆಯ ಪುಟದಲ್ಲಿ ‘ಮುಗಿಯಿತು’ ಎಂಬ ಅಕ್ಷರಗಳು ಇದ್ದೇ ಇವೆ.