ಸುಯಿಕೋಡೆನ್: ಕ್ಷಮಾದಾನ ಕೇಳದ 108 ಬಂಡುಕೋರರು

ಜಪಾನಿನ ಕೊನಾಮಿ ಕಂಪನಿ 1995ರ ಡಿಸೆಂಬರ್‌ನಲ್ಲಿ ಪ್ಲೇಸ್ಟೇಷನ್‌ಗಾಗಿ ಹೊರತಂದ ರೋಲ್ ಪ್ಲೇಯಿಂಗ್ ವಿಡಿಯೋ ಗೇಮ್ ‘ಸುಯಿಕೋಡೆನ್’. ಕಥೆ ಬರೆದು ನಿರ್ದೇಶಿಸಿದವರು ಯೊಶಿತಾಕಾ ಮುರಾಯಾಮಾ. 2006ರ ಹೊತ್ತಿಗೆ ಸರಣಿಯ ಐದು ಮುಖ್ಯ ಆಟಗಳು ಬಂದವು. ಹೆಸರು ಮಾತ್ರ ಎರವಲಿನದು. ‘ಶುಯಿ ಹು ಝುವಾನ್’ ಎಂಬ ಚೀನೀ ಕಾದಂಬರಿಯ ಹೆಸರನ್ನು ಜಪಾನೀಯರು ಓದೋದೇ ಹೀಗೆ.

ಶಿ ನೈಯಾನ್ ಬರೆದದ್ದೆಂದು ಹೇಳಲಾಗುವ ಆ ಕಾದಂಬರಿಯಲ್ಲಿ ಭ್ರಷ್ಟ ಅಧಿಕಾರಿಗಳ ಕಾಟ ತಾಳಲಾರದೆ ಕಾನೂನು ಮೀರಿದ 108 ಮಂದಿ ಲಿಯಾಂಗ್‌ಶಾನ್ ಎಂಬ ಜೌಗಿನ ನಡುವಿನ ಬೆಟ್ಟದಲ್ಲಿ ಕೋಟೆ ಕಟ್ಟಿಕೊಳ್ಳುತ್ತಾರೆ. (ಜಪಮಾಲೆಯ ಮಣಿಯೂ 108, ನಮ್ಮ ಆಂಬುಲೆನ್ಸ್ ನಂಬರೂ 108. ಈ ಸಂಖ್ಯೆಯನ್ನ ನಮಗೆ ಪರಿಚಯಿಸೋ ಅಗತ್ಯವಿಲ್ಲ.) ಆಟವೂ ಇದನ್ನೇ ಹಿಡಿದಿದೆ. ನೀವು ಊರೂರು ಸುತ್ತಿ 108 ಜನರನ್ನ ಸೇರಿಸಬೇಕು, ಸರೋವರದ ನಡುವಿನ ಪಾಳುಕೋಟೆಯನ್ನ ನೆಲೆ ಮಾಡಿಕೊಳ್ಳಬೇಕು. ಎಲ್ಲರೂ ಕತ್ತಿ ಹಿಡಿಯೋರಲ್ಲ. ಅಡುಗೆಯವರು, ಕಮ್ಮಾರರು, ಸ್ನಾನದ ಮನೆ ಕಟ್ಟಿಕೊಡೋ ಸಾನ್ಸುಕೆ, ಎಲ್ಲರೂ ಲೆಕ್ಕಕ್ಕೆ ಬರ್ತಾರೆ. ಒಬ್ಬೊಬ್ಬರು ಬಂದ ಹಾಗೆ ಕೋಟೆಯಲ್ಲಿ ಜೀವ ತುಂಬೋದನ್ನ ನೋಡೋದೇ ಅರ್ಧ ಆಟ.

ಆದರೆ ಎರಡರ ರಾಜಕಾರಣ ಬೇರೆ ಬೇರೆ. ಕಾದಂಬರಿಯಲ್ಲಿ ಚಕ್ರವರ್ತಿ ಒಳ್ಳೆಯವನೇ, ಕೆಟ್ಟವರೇನಿದ್ದರೂ ಸುತ್ತಲಿನ ಮಂತ್ರಿಗಳು. ನಾಯಕ ಸೋಂಗ್ ಜಿಯಾಂಗ್ ಕ್ಷಮಾದಾನ ಪಡೆದು ಅದೇ ಸರ್ಕಾರದ ಪರವಾಗಿ ಇನ್ನೊಬ್ಬ ಬಂಡುಕೋರನ ಮೇಲೆ ಯುದ್ಧಕ್ಕೆ ಹೋಗುತ್ತಾನೆ. ಆ ಯುದ್ಧದಲ್ಲಿ ಬಹುಪಾಲು ವೀರರು ಸಾಯುತ್ತಾರೆ. ಕೊನೆಗೆ ಆಸ್ಥಾನದಿಂದ ಬಂದ ವಿಷದ ಮದ್ಯ ಕುಡಿಯುವ ಸೋಂಗ್, ತನ್ನ ಸಾವಿನ ನಂತರ ದಂಗೆ ಎದ್ದಾನು ಅಂತ ನೆಚ್ಚಿನ ಲಿ ಕುಯಿಗೂ ಕುಡಿಸುತ್ತಾನೆ. 17ನೇ ಶತಮಾನದಲ್ಲಿ ಜಿನ್ ಶೆಂಗ್‌ಟಾನ್ ಕ್ಷಮಾದಾನದ ಭಾಗವನ್ನೇ ಕತ್ತರಿಸಿ ಕಾದಂಬರಿಯನ್ನ 70 ಅಧ್ಯಾಯಕ್ಕೆ ನಿಲ್ಲಿಸಿದ್ದ.

ಮುರಾಯಾಮಾ ಇನ್ನೂ ಮುಂದೆ ಹೋದರು. ಆಟದ ಚಕ್ರವರ್ತಿ ಬಾರ್ಬರೋಸಾ ಮಾಟಗಾತಿ ವಿಂಡಿಯ ಮೋಡಿಗೆ ಸಿಕ್ಕಿದ್ದಾನೆ ಅಂತಲೇ ನಾವು ಕೊನೆವರೆಗೂ ನಂಬಿರ್ತೀವಿ. ಮಾಟ ಅವನಿಗೆ ತಟ್ಟಿರಲೇ ಇಲ್ಲ ಅಂತ ಆಮೇಲೆ ಗೊತ್ತಾಗುತ್ತೆ. ತೀರಿಹೋದ ಹೆಂಡತಿಯನ್ನ ಹೋಲ್ತಾಳೆ ಅನ್ನೋ ಕಾರಣಕ್ಕೆ ಗೊತ್ತಿದ್ದೂ ಗೊತ್ತಿದ್ದೂ ಅವಳು ಮಾಡಿದ್ದಕ್ಕೆಲ್ಲ ಸುಮ್ಮನಿದ್ದ. ‘ದೊರೆ ಒಳ್ಳೆಯವನು, ಸುತ್ತ ಇರೋರು ಸರಿಯಿಲ್ಲ’ ಅನ್ನೋ ಹಳೇ ನೆಪ ಅಲ್ಲಿಗೆ ಮುರಿದುಬೀಳುತ್ತೆ. ಸಾಮ್ರಾಜ್ಯ ಹೋಗಿ ಗಣರಾಜ್ಯ ಬರುತ್ತೆ, ನಾಯಕ ಅಧಿಕಾರ ಹಿಡಿಯದೆ ಊರು ಬಿಡ್ತಾನೆ.

ಗೆಲುವು ಅಗ್ಗದ್ದಲ್ಲ. ನಾಯಕನ ಕೈಯಲ್ಲಿರೋ ‘ಸೋಲ್ ಈಟರ್’ ಎಂಬ ಮಂತ್ರಮುದ್ರೆ ಅವನಿಗೆ ಹತ್ತಿರದವರ ಆತ್ಮಗಳನ್ನೇ ನುಂಗುತ್ತೆ. ತಂದೆ ತೇಯೋ ಸಾಮ್ರಾಜ್ಯದ ಸೇನಾಪತಿ. ಅವನ ಜೊತೆ ದ್ವಂದ್ವಯುದ್ಧ ಮಾಡದೆ ಮುಂದಕ್ಕೆ ದಾರಿಯಿಲ್ಲ. ಅದಕ್ಕೂ ಮೊದಲು ತೇಯೋನ ಸೈನ್ಯದಿಂದ ಉಳಿದವರು ತಪ್ಪಿಸಿಕೊಳ್ಳಲಿ ಅಂತ ಮನೆಯ ಸೇವಕ ಪಾನ್ ಒಬ್ಬನೇ ಎದುರು ನಿಲ್ತಾನೆ. ಅವನು ಸೋತು ಸತ್ತರೆ 108 ಭರ್ತಿಯಾಗೋದಿಲ್ಲ, ಆಟ ಮಾತ್ರ ಏನೂ ಆಗದ ಹಾಗೆ ಮುಂದುವರಿಯುತ್ತೆ. ಈ ನಿಷ್ಠುರತೆಯೇ ನನಗೆ ಹಿಡಿಸಿದ್ದು.

1998ರ ಎರಡನೇ ಭಾಗವನ್ನ ಅಭಿಮಾನಿಗಳು ಸರಣಿಯ ಶಿಖರ ಅಂತಾರೆ. ಬಾಲ್ಯದ ಗೆಳೆಯರಿಬ್ಬರು ಎದುರಾಳಿ ಪಾಳಯಗಳ ನಾಯಕರಾಗೋ ಕಥೆ ಅದು. ಮೂರನೆಯದರ ಕೆಲಸ ಮುಗಿಯೋ ಹೊತ್ತಿಗೆ ಮುರಾಯಾಮಾ ಕೊನಾಮಿ ಬಿಟ್ಟರು. ನಾಲ್ಕನೆಯದು ಸೊರಗಿತು, ಐದನೆಯದು ಸ್ವಲ್ಪ ಚೇತರಿಸಿಕೊಂಡಿತು. 2020ರಲ್ಲಿ ಅವರು ಕಿಕ್‌ಸ್ಟಾರ್ಟರ್‌ನಲ್ಲಿ ಅಭಿಮಾನಿಗಳಿಂದಲೇ ಹಣ ಕೂಡಿಸಿ ‘ಐಯುಡೆನ್ ಕ್ರಾನಿಕಲ್’ ಶುರುಮಾಡಿದರು. ಅದು ಬಿಡುಗಡೆಯಾದದ್ದು 2024ರ ಏಪ್ರಿಲ್‌ನಲ್ಲಿ. ಮುರಾಯಾಮಾ ಅದೇ ಫೆಬ್ರವರಿಯಲ್ಲಿ ತೀರಿಕೊಂಡಿದ್ದರು.

ಮೊದಲ ಎರಡು ಆಟಗಳ ಎಚ್‌ಡಿ ಆವೃತ್ತಿ 2025ರ ಮಾರ್ಚ್‌ನಲ್ಲಿ ಬಂದಿದೆ. ಮೊದಲನೆಯದರಿಂದಲೇ ಶುರುಮಾಡಿ, ಮುಗಿಸಿದ ಮೇಲೆ ಸೇವ್ ಫೈಲ್ ಅಳಿಸಬೇಡಿ. ಅದನ್ನ ಎರಡನೆಯದಕ್ಕೆ ಒಯ್ದರೆ, ಊರು ಬಿಟ್ಟಿದ್ದ ಆ ಹುಡುಗ ಅಲ್ಲೊಂದು ಹಳ್ಳಿಯಲ್ಲಿ ಸಿಗ್ತಾನೆ.